ಪುಟ್ಟಿಯ ಮುಖಕ್ಕೆ ವಯಸ್ಸು ಕಟ್ಟಿದವರು

ನಲವತ್ತನಾಲ್ಕು ವರ್ಷವಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಚಪ್ಪಲಿ ಅಂಗಡಿಯ ಕೌಂಟರಿನಲ್ಲಿ ಬಹಳ ವರ್ಷ ನಿಂತವಳು. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಕಾಲಿನ ಅಳತೆ ಹೇಳಿಬಿಡುತ್ತಿದ್ದಳು. ಆದರೂ ಯಜಮಾನರ ಮಗ ಒಂದು ಬೆಳಿಗ್ಗೆ ಅವಳನ್ನು ಹಿಂದಿನ ಗೋದಾಮಿಗೆ ಹಾಕಿದ.

"ಮುಂದೆ ನಿಲ್ಲೋಕೆ ಲವಲವಿಕೆಯ ಮುಖ ಬೇಕು. ನಿಮ್ಮದು ಬಾಡಿದೆ," ಎಂದ.

ಕೆಲಸದಲ್ಲಿ ತಪ್ಪಿದ್ದರೆ ಹೇಳಲಿ. ಮುಖದಲ್ಲೇನು ತಪ್ಪು? ಪುಟ್ಟಿ ಹಾಗೆ ಕೇಳಲಿಲ್ಲ. ಅವಮಾನ ನುಂಗಿಕೊಂಡು ಎದುರು ಕಟ್ಟಡದ ಬ್ಯೂಟಿ ಪಾರ್ಲರಿನ ಮೆಟ್ಟಿಲು ಹತ್ತಿದಳು.

ಅಲ್ಲೊಂದು ಯಂತ್ರ. ಗಲ್ಲ ಊರಿ ಕೂತರೆ ಫೋಟೊ ತೆಗೆದು ಮುಖದ ವಯಸ್ಸು ಹೇಳುತ್ತದಂತೆ. ಮುಖ ತೊಳೆಸಿ, ನೆತ್ತಿಯ ಮೇಲಿನ ದೀಪ ಹಾಕಿ ಕೂರಿಸಿದರು. ಪರದೆಯಲ್ಲಿ ಮೂಡಿತು: ಐವತ್ತೇಳು.

"ಅಯ್ಯೋ, ನಿಮ್ಮ ಮುಖ ನಿಮಗಿಂತ ಮುಂದೆ ಓಡಿಬಿಟ್ಟಿದೆ!" ಎಂದು ಪಾರ್ಲರಿನವಳು ನಕ್ಕಳು. "ಸುಕ್ಕು ಹೋಗೋಕೆ ನಾಲ್ಕು ಇಂಜೆಕ್ಷನ್ ಚುಚ್ಚಿದ್ರೆ ಸಾಕು, ಹಿಡಿದು ತರ್ತೀವಿ."

ಯಾವ ಔಷಧಿ, ಚುಚ್ಚುವವರು ಏನು ಕಲಿತವರು ಎಂದು ಪುಟ್ಟಿ ಕೇಳಲಿಲ್ಲ. ಅವರೂ ಹೇಳಲಿಲ್ಲ. ಹಣೆಗೆ, ಹುಬ್ಬಿನ ನಡುವೆ ಚುಚ್ಚಿದರು. ಆಮೇಲೆ ಕ್ರೀಮು ಹಚ್ಚಿ, ಎದುರಿನ ದೀಪ ಹಾಕಿ, "ನಗಿ" ಎಂದು ಇನ್ನೊಂದು ಫೋಟೊ ತೆಗೆದರು. ಮೂವತ್ತೊಂಬತ್ತು! ಪುಟ್ಟಿ ಹಿಗ್ಗಿಹೋದಳು.

ವಾರದೊಳಗೆ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಫೋನು ಮಾಡಿದರೆ ಪಾರ್ಲರಿನವಳು, "ನಿಮ್ಮ ಮೈಗೆ ಒಗ್ಗಿಲ್ಲ, ನಾವೇನು ಮಾಡೋಣ?" ಎಂದು ಇಟ್ಟುಬಿಟ್ಟಳು.

ಪುಟ್ಟಿಯ ಅಕ್ಕ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ನರ್ಸು. ತಂಗಿಯನ್ನು ಅಲ್ಲಿಯ ವೈದ್ಯರಿಗೆ ತೋರಿಸಿದಳು. ಔಷಧಿಯ ಬಲ ಇಳಿದಂತೆ ರೆಪ್ಪೆ ಮೇಲೇಳುತ್ತದೆ, ವಾರಗಳಾಗಬಹುದು, ತಿಂಗಳುಗಳೂ ಆಗಬಹುದು ಎಂದರು ಅವರು.

ಅಮ್ಮನದು ಒಂದೇ ಹಟ. "ಬಾಯಿ ಮುಚ್ಕೊಂಡು ಮನೇಲಿರು. ಅಂದಕ್ಕೆ ಹೋಗಿ ಇದ್ದ ಕಣ್ಣಿಗೂ ಸಂಚಕಾರ ತಂದ್ಕೊಂಡ್ಳು ಅಂತ ಜನ ಆಡ್ಕೋತಾರೆ."

"ಆದ್ರೂ ಮೇಲಿನ ದೀಪ ಹಾಕಿದಾಗ ಐವತ್ತೇಳು ಅಂದಿದ್ದ ಮೆಶಿನ್ನು, ಆಮೇಲೆ ಎದುರಿನ ದೀಪದಲ್ಲಿ ಮೂವತ್ತೊಂಬತ್ತು ಅಂತ ತೋರಿಸ್ತಲ್ಲ ಅಕ್ಕಾ?" ಎಂದಳು ಪುಟ್ಟಿ.

"ಚುಚ್ಚಿದ ತಕ್ಷಣ ತೆಗೆದ ಫೋಟೊನಾ?" ಅಕ್ಕನ ದನಿ ಏರಿತು. "ಆ ಔಷಧಿ ಕೆಲಸ ಶುರು ಮಾಡೋಕೇ ಕೆಲವು ದಿನ ಬೇಕು ಕಣೇ! ಬದಲಾಗಿದ್ದು ದೀಪ. ಮೇಲಿಂದ ಬೆಳಕು ಬಿದ್ರೆ ಸುಕ್ಕೆಲ್ಲ ಎದ್ದು ಕಾಣತ್ತೆ, ಎದುರಿಂದ ಬಿದ್ರೆ ಮಾಯ. ನಮ್ಮಲ್ಲಿ ಹೋಲಿಸಿ ನೋಡೋದಾದ್ರೆ ಎರಡು ಫೋಟೊಗೂ ಒಂದೇ ಬೆಳಕು, ಒಂದೇ ದೂರ, ನಗದ ಮುಖ. ಅಷ್ಟಾದ್ರೂ ಅಂದಾಜು ಅಂತಲೇ ಹೇಳ್ತೀವಿ."

ಪುಟ್ಟಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಕಪ್ಪು ಕನ್ನಡಕ ಹಾಕಿಕೊಂಡು ಹೊರಟೇಬಿಟ್ಟಳು. ಜೊತೆಗೆ ಅಕ್ಕ. ಹಿಂದೆ ಗೊಣಗುತ್ತಾ ಅಮ್ಮ.

ಪಾರ್ಲರಿನ ಗೋಡೆಯ ಮೇಲೆ ಆಳೆತ್ತರಕ್ಕೆ ಪುಟ್ಟಿಯದೇ ಎರಡು ಫೋಟೊ! ಒಂದು ಮಾತು ಕೇಳದೆ ಅಂಟಿಸಿದ್ದರು. ಕೆಳಗೆ ಹೆಂಗಸರು ಸರದಿಗಾಗಿ ಕಾಯುತ್ತಿದ್ದರು. ಪುಟ್ಟಿ ಕನ್ನಡಕ ತೆಗೆದಳು.

"ಗೋಡೆ ಮೇಲಿರೋಳು ನಾನೇ. ಸರಿಯಾಗಿ ನೋಡಿ. ಇವರು ಕೊಟ್ಟ ಯೌವನ ಇದು!"

"ಗಲಾಟೆ ಮಾಡ್ಬೇಡಿ. ಇಲ್ಲಿ ಮರ್ಯಾದಸ್ಥರು ಬರ್ತಾರೆ," ಎಂದಳು ಪಾರ್ಲರಿನವಳು.

ಆ ಮಾತು ಅಮ್ಮನಿಗೆ ನಾಟಿತು. "ನನ್ನ ಮಗಳೇನು ಮರ್ಯಾದೆ ಬಿಟ್ಟವಳಾ? ಕರಿಯೇ, ಚುಚ್ಚಿದ ಡಾಕ್ಟರನ್ನ ಕರಿ!"

ಡಾಕ್ಟರು ಇದ್ದರೆ ತಾನೇ ಕರೆಯುವುದು? ಚುಚ್ಚಿದ್ದು ಆ ಪಾರ್ಲರಿನವಳೇ. ಅಮ್ಮ ಎರಡೂ ಫೋಟೊಗಳನ್ನು ಪರಪರನೆ ಹರಿದಳು. ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು.

ಆರೋಗ್ಯ ಅಧಿಕಾರಿಗಳಿಗೆ ಕೊಟ್ಟ ದೂರಿಗೆ ಮೊದಲ ಸಹಿ ಅಮ್ಮನದು. ಚುಚ್ಚುವ ಕೋಣೆಗೆ ಬೀಗ ಬಿತ್ತು. ರೆಪ್ಪೆ ನಿಧಾನವಾಗಿ ಮೇಲೆದ್ದಿತು. ಅಲ್ಲಿಯವರೆಗೆ ಪುಟ್ಟಿ ಕಾಯಲಿಲ್ಲ. ಜೋತ ಕಣ್ಣಿನಲ್ಲೇ ಕೌಂಟರಿಗೆ ಬಂದು ನಿಂತಳು.

"ಮುಖ ಬಾಡಿದೆ ಅಂತ ಈಗ ಗಿರಾಕಿಗಳ ಮುಂದೆ ಹೇಳಿ ನೋಡೋಣ," ಎಂದಳು. ಯಜಮಾನರ ಮಗ ಕೌಂಟರು ಬಿಟ್ಟು ಗೋದಾಮಿನ ಕಡೆ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ಸುಕ್ಕು ಇರಲಿ, ಹೋಗಲಿ, ಅದು ನಿಮ್ಮ ಇಷ್ಟ. ಆದರೆ ಚುಚ್ಚುವವರು ನೋಂದಾಯಿತ ವೈದ್ಯರೇ, ಔಷಧಿ ಯಾವುದು, ಎಡವಟ್ಟಾದರೆ ನೋಡುವವರು ಯಾರು ಎಂದು ಕೇಳದೆ ಮುಖ ಒಡ್ಡಬೇಡಿ. ಚುಚ್ಚಿಸಿಕೊಂಡ ಮೇಲೆ ಉಸಿರಾಡಲು, ನುಂಗಲು ಕಷ್ಟವಾದರೆ, ಕಣ್ಣು ಮಂಜಾದರೆ, ಚರ್ಮ ಬಿಳಿಚಿ ನೋವು ಹೆಚ್ಚಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ಸುಳ್ಳು ಹೇಳಿ ಚುಚ್ಚಿದವರು ತಲೆಯೆತ್ತಿ ತಿರುಗುವಾಗ ನೀವೇಕೆ ಮುಖ ಮುಚ್ಚಿಕೊಳ್ಳುತ್ತೀರಿ? ಏಳಿ, ದೂರು ಕೊಡಿ.