ದೀಪದ ಗುಡ್ಡದ ತನಕ

ಎರಡು ನಡುಗಡ್ಡೆಗಳಲ್ಲಿ ಯಾವುದಕ್ಕೆ ಹೋಗುವುದೆಂದು ರಾಜಮತಿ ಒಂದು ಮಾತು ಹೇಳಿಬಿಟ್ಟಿದ್ದರೆ, ಶಹಾಪುರದ ಆ ಮನೆಯವರು ವಾರವಿಡೀ ನೆಮ್ಮದಿಯಿಂದ ಇರುತ್ತಿದ್ದರು. ಆಕೆ ಹೇಳಲಿಲ್ಲ. ಕಾರವಾರದ ದೋಣಿಯವನು ಫೋನು ಮಾಡಿ ಮಾಡಿ ಕೇಳಿದ, ಮೊಮ್ಮಗಳು ಸುಹಾಸಿನಿ ಕೋಣೆಗೆ ಬಂದು ಬಂದು ಕೇಳಿದಳು. ಆಕೆ "ನೋಡೂಣು" ಅಂದು ಮುಖ ತಿರುಗಿಸುತ್ತಿದ್ದಳು. ದಡಕ್ಕೆ ಹತ್ತಿರ ಇರುವುದು ಕೂರ್ಮಗಡ, ಮರಗಳಿಂದ ತುಂಬಿದ ಹಸಿರು ಗುಡ್ಡ. ಅದರಾಚೆ, ಪಡುವಣಕ್ಕೆ ಇನ್ನಷ್ಟು ದೂರ, ದೀಪಸ್ತಂಭ ಇರುವ ದೇವಗಡ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಒಂದು ದಿನಕ್ಕೆ ಒಂದೇ ಎಂದು ದೋಣಿಯವನು ಖಡಾಖಂಡಿತ ಹೇಳಿದ್ದ.

ಬರೀ ಪ್ರವಾಸವಾಗಿದ್ದರೆ ಈ ಸಲ ಇದು, ಮುಂದಿನ ಸಲ ಅದು ಅನ್ನಬಹುದಿತ್ತು. ಆದರೆ ರಾಜಮತಿ ಕಾರವಾರಕ್ಕೆ ಹೋಗುವ ದಾರಿಯಲ್ಲೇ, ಖಾನಾಪುರದ ಬಸದಿಯಲ್ಲಿ ತಂಗಿದ್ದ ಮಾತಾಜಿಯವರ ಮುಂದೆ ದಿಗ್ವ್ರತ ತೆಗೆದುಕೊಳ್ಳುವವಳಿದ್ದಳು. ಜೈನ ಗೃಹಸ್ಥರ ವ್ರತ ಅದು. ಪ್ರತಿ ದಿಕ್ಕಿಗೂ ಇಂಥ ಊರು, ಇಂಥ ಹೊಳೆ, ಇಂಥ ಗುಡ್ಡ ಎಂದು ಗಡಿ ಹೇಳಬೇಕು. ಜೀವ ಇರುವ ತನಕ ಅದರಾಚೆ ಕಾಲಿಡುವಂತಿಲ್ಲ. ಆಸೆಗೆ ಬೇಲಿ ಹಾಕುವ ವ್ರತದಲ್ಲಿ ಹೋಗದ ಜಾಗವನ್ನು ಬೇಲಿಯೊಳಗೆ ಇಟ್ಟುಕೊಂಡರೆ ಅದೆಂಥ ವ್ರತ ಎಂದು ಆಕೆಯೇ ಮನೆಮಂದಿಗೆಲ್ಲ ಪಾಠ ಹೇಳಿದ್ದಳು. ಹಾಗಾಗಿ ಈ ಸಲ ಯಾವ ನಡುಗಡ್ಡೆಗೆ ಹೋಗುತ್ತಾಳೋ ಅದೇ ಪಡುವಣದ ಗಡಿ. ತನ್ನ ಮಾತಿಗೆ ತಾನೇ ಸಿಕ್ಕಿಕೊಂಡು ಕೂತಿದ್ದಳು.

"ಅಪ್ಪಾಗ ದೀಪದ ಗುಡ್ಡದ ಹುಚ್ಚು ಇತ್ತಲ್ಲವಾ. ಅಲ್ಲಿಗೇ ಹೋಗಿ ಬಾ, ಅವನ ಆಸೆ ತೀರಿದಂಗ ಆಕ್ಕೈತಿ," ಎಂದು ಮಗ ಶ್ರೇಣಿಕ ಹೊರಡುವಾಗ ಹೇಳಿದ. ಕೇಳಿದವರೆಲ್ಲ ಹಾಗೇ ಹೇಳುತ್ತಿದ್ದರು. ಗಂಡ ಸತ್ತ ಹೆಂಗಸು ಏನು ಮಾಡಬೇಕೆಂಬುದು ಊರಿಗೆಲ್ಲ ಎಷ್ಟು ಚೆನ್ನಾಗಿ ಗೊತ್ತಿರುತ್ತದೆ ನೋಡಿ. ರಾಜಮತಿ ದಪಾಟಿ ರೊಟ್ಟಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಸುಹಾಸಿನಿ ಗಾಡಿ ಬಿಟ್ಟಳು.

ಉದ್ಯಮಬಾಗ ದಾಟುವಾಗ ಬೆಳಗಿನ ಪಾಳಿಯವರ ಬೈಕುಗಳು ರಸ್ತೆ ತುಂಬಿದ್ದವು. ಅದನ್ನು ದಾಟಿ ಗಾಳಿ ತಂಪಾದದ್ದೇ ಆಕೆಗೆ ಆ ಇನ್ನೊಂದು ಪ್ರಯಾಣ ನೆನಪಾಯಿತು.

ಮದುವೆಯಾದ ಹೊಸತು. ಬಾಗಲಕೋಟೆಯ ಹುಡುಗಿ, ಘಟಪ್ರಭೆಗಿಂತ ದೊಡ್ಡ ನೀರು ಕಂಡವಳಲ್ಲ. ಗಂಡ ಪಾರೀಸನಿಗೆ ಖಡೇಬಜಾರದಲ್ಲಿ ಭಾಂಡೆ ಪಾತ್ರೆಗಳ ಅಂಗಡಿ. ನೆಂಟರ ಮದುವೆಗೆಂದು ಕಾರವಾರಕ್ಕೆ ಹೋದವರು, ಮರುದಿನ ಬಿಡುವಾಗಿ ದಂಡೆಗೆ ಬಂದರು. ಎದುರಿಗೆ ಎರಡು ನಡುಗಡ್ಡೆ, ಕಾಲಬುಡದಲ್ಲಿ ಒಂದು ದೋಣಿ.

"ದೀಪದ ಗುಡ್ಡಕ್ಕ ಹೋಗೂಣು," ಅಂದ ಪಾರೀಸ. "ಮ್ಯಾಲ ಹತ್ತಿ ನೋಡಿದ್ರ ನಮ್ಮ ಅಂಗಡಿ ಕಂಡರೂ ಕಂಡೀತು."

"ಅಷ್ಟು ದೂರ ಬ್ಯಾಡ್ರಿ. ಹೊತ್ತು ಮುಳುಗೂದ್ರಾಗ ತಿರುಗಿ ಬಂದು ಉಣಬೇಕು. ಈ ಹತ್ತಿರದ್ದು ಸಾಕು."

"ಡಬ್ಬಿ ಕೈಯಾಗ ಐತಿ. ಅಲ್ಲೇ ಉಂಡ್ರಾತು."

ಹೊತ್ತು ಮುಳುಗಿದ ಮೇಲೆ ಉಣ್ಣದ ನೇಮ ಇಬ್ಬರಿಗೂ ಇತ್ತು, ಅದು ಖರೆ. ಆದರೆ ಹುಡುಗಿಗೆ ಇದ್ದದ್ದು ನೀರಿನ ಹೆದರಿಕೆ. ಹೊಸ ಗಂಡನ ಮುಂದೆ ಹೆದರಿಕೆ ಒಪ್ಪಿಕೊಳ್ಳಲು ಮನಸ್ಸಾಗದೆ ನೇಮವನ್ನು ಮುಂದೆ ಮಾಡಿದಳು. ಆತ ಬಿಡಲಿಲ್ಲ, ಈಕೆ ಜಗ್ಗಲಿಲ್ಲ. ದೋಣಿಯವನು ಕೇಳುವಷ್ಟು ಕೇಳಿ, ಬೇರೆ ಮಂದಿಯನ್ನು ಹತ್ತಿಸಿಕೊಂಡು ಹೊರಟೇಬಿಟ್ಟ. ಇಬ್ಬರೂ ಮಾತು ನಿಲ್ಲಿಸಿ ನೋಡುವಷ್ಟರಲ್ಲಿ ದೋಣಿ ಅಲೆ ದಾಟಿತ್ತು.

ಪಾರೀಸ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಮರಳಲ್ಲಿ ಕೂತು, ಬೆಳಕಿರುವಾಗಲೇ ದಪಾಟಿ, ಶೇಂಗಾ ಚಟ್ನಿ ತಿಂದರು. ಕತ್ತಲಾದಾಗ ದೂರದ ಗುಡ್ಡದ ಮೇಲೆ ದೀಪ ಹತ್ತಿತು. ಆತ ಆಕೆಯ ಕೈ ಹಿಡಿದುಕೊಂಡ. ಮಂದಿ ಎದುರಿಗೆ ಕೈ ಹಿಡಿದದ್ದು ಅದೇ ಮೊದಲು, ಬಹುಶಃ ಅದೇ ಕೊನೆ.

ಆಮೇಲೆ ಅಂಗಡಿ, ಮಕ್ಕಳು, ಸಾಲಿ, ಲಗ್ನ. ಕಾರವಾರ ಹಾಗೇ ಉಳಿಯಿತು, ಆದರೆ ಜಗಳ ಮಾತ್ರ ಮನೆಗೆ ಬಂದು ನೆಲೆಯೂರಿತು. ಪರದೆಯ ಬಣ್ಣಕ್ಕೆ, ಮಗನ ಹೆಸರಿಗೆ, ಉಪ್ಪಿನಕಾಯಿಯ ಖಾರಕ್ಕೆ ಇಬ್ಬರೂ ಹಟ ಹಿಡಿದಾಗೆಲ್ಲ ಪಾರೀಸ "ಲಗೂ ಹೇಳು, ದೋಣಿ ಹೋದೀತು" ಅನ್ನುತ್ತಿದ್ದ. ಆಕೆಗೆ ನಗು ಬಂದುಬಿಡುತ್ತಿತ್ತು. "ಮುದುಕರಾದ ಮ್ಯಾಲ ಹೋಗೂಣು, ನನ್ನ ಗುಡ್ಡಕ್ಕ," ಎಂದು ಆತ ಅಂದರೆ ಈಕೆ "ಅಲ್ಲ, ನನ್ನ ಗುಡ್ಡಕ್ಕ" ಅನ್ನುವುದು. ಮುದುಕರಾದರು. ಆತ ಹೋಗಿಬಿಟ್ಟ. ಅಂದಿನಿಂದ ಮನೆಯಲ್ಲಿ ಯಾರೂ "ದೋಣಿ ಹೋದೀತು" ಅಂದಿರಲಿಲ್ಲ. ಆಕೆ ಕೇಳಿದ್ದಕ್ಕೆಲ್ಲ ಎಲ್ಲರೂ ಹೂಂ ಅನ್ನುತ್ತಿದ್ದರು, ಅದೇ ಆಕೆಗೆ ತಡೆಯಲಾಗುತ್ತಿರಲಿಲ್ಲ.

ಖಾನಾಪುರ ಬಂತು. ಬಸದಿಯ ಪಡಸಾಲೆಯಲ್ಲಿ ಮಾತಾಜಿ ಹಲಗೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ನವಿಲುಗರಿಯ ಪಿಂಛಿ. ರಾಜಮತಿ "ವಂದಾಮಿ" ಎಂದು ನಮಸ್ಕರಿಸಿ, ನೋಯುವ ಮೊಣಕಾಲನ್ನು ಮಡಚಿ ಕೂತಳು. ಸುಹಾಸಿನಿ ಹಿಂದೆ ಕಂಬಕ್ಕೆ ಒರಗಿದಳು.

"ಗಡಿ ಹೇಳ್ರಿ," ಅಂದರು ಮಾತಾಜಿ.

ತೆಂಕಣಕ್ಕೆ ಶ್ರವಣಬೆಳಗೊಳ, ಬಡಗಣಕ್ಕೆ ಕುಂಭೋಜ, ಮೂಡಣಕ್ಕೆ ತವರೂರು ಬಾಗಲಕೋಟೆ. ಪಾಠ ಒಪ್ಪಿಸಿದಂತೆ ಹೇಳಿದಳು. ಎಲ್ಲವೂ ಗಂಡನ ಜೊತೆ ಹೋಗಿ ಬಂದ ಊರುಗಳು. ಪಡುವಣಕ್ಕೆ ಬಂದಾಗ ಮಾತು ನಿಂತಿತು.

"ಸಮುದ್ರದ ದಂಡಿ ಅಂತೀರೇನು? ಭಾಳ ಮಂದಿ ಅಲ್ಲಿಗೇ ನಿಲ್ಲಸ್ತಾರ."

"ಇಲ್ರಿ, ಮಾತಾಜಿ. ದೇವಗಡ. ದೀಪದ ಗುಡ್ಡದ ತನಕ."

"ಅಲ್ಲಿಗೆ ಹೋಗಿ ಬಂದೀರೇನು?"

"ಇಲ್ರಿ."

"ಈಗ ಹೊಂಟೀರಿ?"

"ಈಗ ಹೊಂಟಿದ್ದು ಅಲ್ಲಿಗಲ್ರಿ. ಅದಕ್ಕಿಂತ ಈಚೆಗಿನ ಗುಡ್ಡಕ್ಕ."

ಮಾತಾಜಿ ಆಕೆಯ ಮುಖ ನೋಡಿದರು. "ಹೋಗಲಾರದ ಜಾಗಾ ಗಡಿ ಒಳಗ ಯಾಕ ಬೇಕು ರಾಜಮತಿ? ಆಸೆ ಉಳದೈತೇನು?"

ಇಲ್ಲ ಎನ್ನಲು ಆಕೆ ಬಾಯಿ ತೆರೆದಳು. ಗುರುಗಳ ಮುಂದೆ ಸುಳ್ಳು ಬರಲಿಲ್ಲ. "ಉಳದೈತ್ರಿ," ಅಂದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಆತು. ಎಲ್ಲ ಆಸೆ ಬಿಡ್ರಿ ಅಂತ ಈ ವ್ರತ ಹೇಳೂದಿಲ್ಲ, ಒಂದು ಗಡಿ ಹಾಕ್ರಿ ಅಂತೈತಿ. ಗಡಿ ಎಲ್ಲಿ ಅನ್ನೂದು ನಿಮ್ಮ ಕೈಯಾಗ ಐತಿ," ಅಂದು ಮಾತಾಜಿ ಪಿಂಛಿ ಎತ್ತಿ ಆಶೀರ್ವದಿಸಿದರು.

ಹೊರಗೆ ಬರುವಷ್ಟರಲ್ಲಿ ಸುಹಾಸಿನಿಯ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. "ಆಯಿ, ದೋಣಿಯಂವ. ಖರೇನ ಕೂರ್ಮಗಡ ಅನ್ಲಿ?"

"ಹೂಂ, ಅದಕ್ಕ ಹೇಳು."

ಹುಡುಗಿ ಅವನಿಗೆ ಹೇಳಿ ಫೋನು ಇಟ್ಟಳು. ಆದರೆ ಗಾಡಿ ಚಾಲೂ ಮಾಡಲಿಲ್ಲ. "ನೀನೇ ಹೇಳಿದ್ದಿಯಲ್ಲ, ಹೋಗದ ಜಾಗಾ ಒಳಗ ಇಟಗೋಬಾರದು ಅಂತ. ಅಜ್ಜನ ಗುಡ್ಡ ಒಳಗ ಬೇಕು ಅಂದ್ರ ಇವತ್ತ ಅಲ್ಲಿಗೇ ಹೋಗಬಹುದಿತ್ತಲ್ಲ."

"ಹೋಗಿ ಏನು ಮಾಡ್ಲಿ?" ಅಂದಳು ರಾಜಮತಿ. "ಅವರಿಲ್ಲದಾಗ ಅವರ ಗುಡ್ಡಕ್ಕ ಹೋದ್ರ ನಾ ಸೋತಂಗ. ಇಷ್ಟು ಲಗೂ ಸೋತ್ಯಾ ಅಂತಿದ್ರು. ಅದನ್ನ ಗಡಿ ಹೊರಗ ಹಾಕಿದ್ರ ನಾ ಗೆದ್ದಂಗ. ಗೆದ್ದು ಯಾರ ಮುಂದ ಹೇಳ್ಲಿ? ಎರಡೂ ಬ್ಯಾಡ. ಜಗಳ ಒಂದು ಉಳೀಲಿ."

ಸುಹಾಸಿನಿ ಅಜ್ಜಿಯ ಕಡೆ ನೋಡಿದಳು. ರಾಜಮತಿ ಸೆರಗಿನಿಂದ ಮುಖ ಒರೆಸಿಕೊಂಡು ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡಳು.

"ನನ್ನ ಮಾರಿ ಏನು ನೋಡ್ತಿ? ಗಾಡಿ ಬಿಡು," ಅಂದಳು. "ದೋಣಿ ಹೋದೀತು."