ಮೂವತ್ತೆಂಟು ಮನೆಗಳ ಮಾತೃಭಾಷೆ

“ಕೊಡ ಕೆಳಗ ಇಡು, ಹಲ್ಕಟ್ ರಂಡಿ. ಪೈಪಿಗಿ ತಾಗಿಸಿದಿ ಅಂದ್ರ ಕಾಲ್ ಮುರೀತೀನಿ.”

ದೇವಿಂದ್ರಪ್ಪ ಗೌಡ ಬೋರ್‌ವೆಲ್ ಕಟ್ಟೆಯ ಮೇಲೆ ನಿಂತು ನೀರು ಬಿಡುವ ವೈಖರಿಯೇ ಹಾಗೆ. ಪೈಪನ್ನು ಎದೆಯೆತ್ತರಕ್ಕೆ ಹಿಡಿಯುತ್ತಾನೆ. ಅರ್ಧ ಕೊಡಕ್ಕೆ, ಅರ್ಧ ಶೇವಂತಾಬಾಯಿಯ ಸೀರೆಗೆ. ಹತ್ತು ವರ್ಷದ ಹಿಂದೆ ಊರಿಗೆ ನಳ ಬಂದಾಗ ಪೈಪು ಗೌಡನ ಮನೆ ದಾಟಿತು, ದತ್ತಾತ್ರಿ ದೇಶಮುಖನ ವಾಡೆ ದಾಟಿತು, ದಲಿತರ ಕೇರಿ ಭೀಮನಗರದ ಬಾಯಿಗೆ ಬಂದು ಮುಗಿದೇಹೋಯಿತಂತೆ. ಮುಗಿಯುವುದಕ್ಕೂ ಎಂಥ ಜಾಗ ನೋಡಿಕೊಂಡಿತು ನೋಡಿ! ಅಂದಿನಿಂದ ಅಲ್ಲಿನ ಮೂವತ್ತೆಂಟು ಮನೆಯ ಹೆಂಗಸರು ಹಗಲೆಲ್ಲ ಗೌಡನ ತೊಗರಿ ಹೊಲದಲ್ಲಿ ಕಳೆ ಕಿತ್ತು, ಸಂಜೆ ಅವನ ಬೈಗುಳದ ಜೊತೆ ಒಂದು ಕೊಡ ನೀರು ಹೊತ್ತು ತರುತ್ತಾರೆ. ತಮ್ಮ ಕೇರಿಗೊಂದು ನಳ ಬರಲಿ, ಶೇವಂತಾಬಾಯಿಗೆ ಬೇಕಾದದ್ದು ಅಷ್ಟೇ. ಪಂಚಾಯ್ತಿಗೆ ಅಲೆದಲೆದು ಅವಳ ಚಪ್ಪಲಿ ಸವೆದಿದ್ದವು.

ಮರುದಿನ ಅದೇ ಗೌಡ ಅವಳ ಮನೆ ಬಾಗಿಲಿಗೆ ಬಂದು “ಶೇವಂತಕ್ಕಾ” ಎಂದ. ಬೇರೆ ಯಾರನ್ನೋ ಕರೆದನೇನೋ ಎಂದು ಅವಳು ಹಿಂದೆ ತಿರುಗಿ ನೋಡಿದಳು.

ಆಗಿದ್ದು ಇಷ್ಟು. ಪಕ್ಕದೂರು ಮಂಠಾಳದ ಚಹಾದಂಗಡಿಯಲ್ಲಿ ಯಾರೋ ಪುಣ್ಯಾತ್ಮ ಸುದ್ದಿ ಬಿಟ್ಟಿದ್ದ: ಈ ಸಲದ ಜನಗಣತಿಯಲ್ಲಿ ಯಾವ ಊರಲ್ಲಿ ಯಾವ ಭಾಷೆಯವರು ಹೆಚ್ಚೋ ಆ ಊರು ಆ ರಾಜ್ಯಕ್ಕಂತೆ, ಗಡಿ ಮತ್ತೊಮ್ಮೆ ಗೀಚುತ್ತಾರಂತೆ. ಮೇಲ್ಕೇರಿಯಲ್ಲಿ ಕನ್ನಡದವರು, ಮರಾಠಿಯವರು ಸರಿಸಮ. ಉಳಿದದ್ದು ಭೀಮನಗರ. ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ ಆಡುವ ಜನ. ಎತ್ತ ವಾಲಿದರೆ ಊರು ಅತ್ತ. ಹಿಂದೆ ನಿಜಾಮನ ಸೀಮೆಯನ್ನು ಭಾಷೆ ನೋಡಿ ಪಾಲು ಮಾಡಿದಾಗ ಶೇವಂತಾಬಾಯಿಯ ಮಾವನನ್ನು ಯಾರೂ ಕೇಳಿರಲಿಲ್ಲ. ಜೋಳ ಕೊಯ್ಯುತ್ತಿದ್ದವನು ತಲೆ ಎತ್ತುವುದರೊಳಗೆ ರಾಜ್ಯ ಬದಲಾಗಿತ್ತು.

ಕನ್ನಡ ಎಂದು ಬರೆಸಿದರೆ ಎಂಟು ದಿನದಲ್ಲಿ ನಳ ಎಂದ ಗೌಡ. ಅವನು ಬೆನ್ನು ತಿರುಗಿಸುವಷ್ಟರಲ್ಲಿ ದೇಶಮುಖ ಬಂದು, ಮರಾಠಿ ಬರೆಸಿದರೆ ನಾಲ್ಕೇ ದಿನ ಎಂದ. ಮೊದಲು ನಳ, ಆಮೇಲೆ ಭಾಷೆ ಎಂದಳು ಶೇವಂತಾಬಾಯಿ. ಮೊದಲು ಭಾಷೆ, ಆಮೇಲೆ ನಳ ಎಂದರು ಇಬ್ಬರೂ. ಅವಳಿಗೇನು ಗೊತ್ತಿಲ್ಲವೇ, ಆ ‘ಆಮೇಲೆ’ಗೆ ಹತ್ತು ವರ್ಷ ವಯಸ್ಸಾಗಿತ್ತು. ಅಂದು ಸಂಜೆಯೇ ಅವಳು ಮನೆಮನೆಗೆ ಹೋಗಿ ಮಾತಾಡಿ ಬಂದಳು.

ಗಣತಿಯ ದಿನ ಬಸವಕಲ್ಯಾಣದಿಂದ ಅಲ್ಲಾಬಕ್ಷ ಮಾಸ್ತರರು ಉತ್ತರ ತುಂಬಿಸುವ ಸರ್ಕಾರಿ ಮೊಬೈಲು ಹಿಡಿದು ಬಂದರು. ಅವರ ಎಡಕ್ಕೆ ಗೌಡ, ಬಲಕ್ಕೆ ದೇಶಮುಖ. ಇಬ್ಬರೂ ಮೂಗಿಗೆ ಟವೆಲ್ ಒತ್ತಿಕೊಂಡಿದ್ದರು.

“ಮಾತೃಭಾಷಾ ಯಾವ್ದ್ರಿ, ಬಾಯಿ?”

ಹಾಗಂದರೇನು ಎಂದಳು ಶೇವಂತಾಬಾಯಿ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು ಎಂದು ಮಾಸ್ತರರು ತಿಳಿಸಿ ಹೇಳಿದರು. ನಳ ಬರುವ ತನಕ ಅದನ್ನು ಖಾಲಿ ಬಿಡಿ ಎಂದಳು.

ಗೌಡನ ತಾಳ್ಮೆ ಹರಿದೇಹೋಯಿತು. ಅವಳ ಅವ್ವನಿಂದ ಶುರುಮಾಡಿ, ಅಜ್ಜಿಯನ್ನೂ ಬಿಡದೆ, ಜಾತಿ ಹಿಡಿದು ಜಾಡಿಸಿದ. ದೇಶಮುಖನೂ ಹಿಂದೆ ಬೀಳಲಿಲ್ಲ, ಮರಾಠಿಯಲ್ಲಿ ಕೈಜೋಡಿಸಿದ. ಗಡಿಯ ವಿಷಯದಲ್ಲಿ ಜಗಳವಾಡುವ ಇಬ್ಬರೂ ಒಂದಾದದ್ದನ್ನು ಕೇರಿ ಮೊದಲ ಸಲ ಕಂಡಿತು. ಶೇವಂತಾಬಾಯಿ ಅವರ ದಮ್ಮು ಮುಗಿಯುವವರೆಗೆ ಕಾದಳು.

“ಬರ್ಕೊಳ್ರಿ, ಮಾಸ್ತರ. ಹುಟ್ಟಿದಾಗಿಂದ ನಮ್ಮ ಕಿವಿಗಿ ಬಿದ್ದದ್ದು ಇದೇ ಅದ.”

ಮಾಸ್ತರರ ಬೆರಳು ಗಾಳಿಯಲ್ಲೇ ನಿಂತಿತು. “ಇದಕ್ಕ ಏನಂತ ಬರೀಲ್ರಿ ಗೌಡ್ರ, ಕನ್ನಡ?”

ಜಾತಿ ಎತ್ತಿ ಬೈದದ್ದು ಸರ್ಕಾರಿ ಮೊಬೈಲಿಗೆ ಹೋದರೆ ಕೇಸಾಗುತ್ತದೆಂದು ಗೌಡನಿಗೆ ಆಗ ಹೊಳೆಯಿತು. ಛೆ ಛೆ, ಅದು ಕನ್ನಡವೇ ಅಲ್ಲ ಎಂದ. ಮರಾಠಿಯಂತೂ ಅಲ್ಲವೇ ಅಲ್ಲ ಎಂದ ದೇಶಮುಖ.

ಖಾಲಿ ಬಿಟ್ಟರೆ ಮೊಬೈಲು ಮುಂದಕ್ಕೆ ಹೋಗುವುದಿಲ್ಲ ಬಾಯಿ ಎಂದು ಮಾಸ್ತರರು ಗೋಗರೆದರು.

“ಹತ್ತು ವರ್ಷ ನಮ್ಮ ಕೊಡ ಖಾಲಿ ಅದಾವ. ಯಾವ ಸರ್ಕಾರ ನಿಂತದ?”

ಅವಳು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಪಕ್ಕದ ಮನೆಯ ಅಗಳಿ ಬಿತ್ತು. ಅದರ ಪಕ್ಕದ್ದೂ ಬಿತ್ತು. ಎಣಿಸಲೆಂದೇ ಬಂದವರಲ್ಲವೇ, ಮಾಸ್ತರರು ಬಿಸಿಲಲ್ಲಿ ನಿಂತು ಎಣಿಸಿದರು. ಮೂವತ್ತೆಂಟು.