‘ಅನುಮತಿ ಇಲ್ಲ’ ಎಂದರೆ ಅರಳುವ ಅನಂತರಾಮರು

ಲೋಕದಲ್ಲಿ ಎಲ್ಲರೂ ‘ಇಲ್ಲ’ ಎನ್ನಿಸಿಕೊಂಡರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಅನಂತರಾಮರ ಮುಖ ಮಾತ್ರ ಅರಳುತ್ತದೆ. ಫರೀದಾಬಾದಿನ ಅಂತರ್ಜಲ ಸಂಶೋಧನಾ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಈ ಮಹಾಶಯರು ಯಾರದೋ ಮೇಜಿನ ಬಳಿ ಹೋಗಿ, ‘ಭಾಯ್ ಸಾಬ್, ಏಕ್ ಮಿನಟ್’ ಎಂದು ಅವರನ್ನು ಎಬ್ಬಿಸಿ, ತಾವು ಕುಳಿತು, ಆ ಕುರ್ಚಿಯವರು ನೋಡಕೂಡದ ಫೋಲ್ಡರೊಂದನ್ನು ತೆರೆಯಲು ಹವಣಿಸಿ, ಪರದೆಯ ಮೇಲೆ ‘ಅನುಮತಿ ಇಲ್ಲ’ ಎಂಬ ಒಕ್ಕಣೆ ಮೂಡಿದೊಡನೆ, ಬಿಸಿ ಕಾಫಿ ಮುಂದೆ ಬಂದವರಂತೆ ಕೈ ಉಜ್ಜಿಕೊಳ್ಳುತ್ತಾರೆ. ಹಕ್ಕುಳ್ಳವರಿಗೆ ಬಾಗಿಲು ತೆರೆಯಿತೇ ಎಂದು ನೋಡುವುದು ಅರ್ಧ ಕೆಲಸ, ಹಕ್ಕಿಲ್ಲದವರಿಗೆ ಮುಚ್ಚಿದೆಯೇ ಎಂದು ನೋಡುವುದು ಇನ್ನರ್ಧ ಎಂಬುದು ಅವರ ವ್ರತ.

ಸಂಸ್ಥೆಗೆ ಸಂಶೋಧಕಿಯಾಗಿ ಸೇರಿದ ಹಂಸಿನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಅವರ ಕಂದು ಬಣ್ಣದ ಅರೆತೋಳಿನ ಸ್ವೆಟರು. ದಿಲ್ಲಿಯ ಮೇ ತಿಂಗಳಿನಲ್ಲಿ ಊರಿಗೆ ಊರೇ ಬೇಯುತ್ತಿರುವಾಗಲೂ ಸರ್ವರ್ ಕೋಣೆಯ ಚಳಿಯ ನೆಪದಲ್ಲಿ ಅದು ಅವರ ಮೈಮೇಲಿರುತ್ತದೆ. ನಡೆಯುವುದು ಯಾವಾಗಲೂ ಗೋಡೆಯಂಚಿಗೆ, ಮೆಲ್ಲಗೆ. ಸರೋಜಿನಿ ನಗರದ ಸರಕಾರಿ ವಸತಿಯಲ್ಲಿ ಬೆಳೆದ ಹಂಸಿನಿಗೆ ಕನ್ನಡ ಅರ್ಥವಾಗುವಷ್ಟು ನಾಲಿಗೆಗೆ ಒಗ್ಗದು. ಆದರೂ ಅನಂತರಾಮರೊಡನೆ ಮಾತಾಡುವಾಗ ಆಕೆಗೆ ಮನೆಯ ಪಡಸಾಲೆಯಲ್ಲಿ ಕುಳಿತಷ್ಟು ಹಾಯೆನಿಸುತ್ತಿತ್ತು.

ಅವರ ಬಾಯಿಗೆ ಅಂಟಿಕೊಂಡ ಪ್ರಶ್ನೆಯೊಂದಿದೆ: ‘ಯಾವ ಕೆಲಸಕ್ಕೆ?’ ಹೊಸದಾಗಿ ಬಂದ ನಿರ್ದೇಶಕರು ಸಂಸ್ಥೆಯ ಎಲ್ಲ ಫೋಲ್ಡರುಗಳೂ ತಮಗೆ ಕಾಣಬೇಕೆಂದು ಅಪ್ಪಣೆ ಮಾಡಿದಾಗಲೂ ಅನಂತರಾಮರು ಅಷ್ಟೇ ವಿನಯದಿಂದ ಅದನ್ನೇ ಕೇಳಿದರಂತೆ. ನಿರ್ದೇಶಕರು ಕೆಂಪಗಾದರು, ಯೋಚಿಸಿದರು, ಕಡೆಗೆ ಯಾವ ಕೆಲಸವೂ ಹೊಳೆಯದೆ ಚಹಾ ತರಿಸಿದರು. ಘಾಜಿಯಾಬಾದಿನ ಮನೆಯಲ್ಲೂ ಇದೇ ಕಥೆ. ಕುಟುಂಬದ ಫೋಟೋಗಳನ್ನೆಲ್ಲ ಒಂದೆಡೆ ಸೇರಿಸಿ, ಮನೆಮಂದಿಗೆ ನೋಡುವ ಹಕ್ಕನ್ನಷ್ಟೇ ಕೊಟ್ಟು ಬೀಗಿದ್ದರು. ‘ನನ್ನ ದರಿದ್ರ ಫೋಟೋ ಅಳಿಸೋಕ್ಕೂ ನಿಮ್ಮ ಪರ್ಮಿಶನ್ ಬೇಕಾ?’ ಎಂದು ಹೆಂಡತಿ ಮನೋರಮಾ ಹರಿಹಾಯ್ದ ಮೇಲೆ ಅಳಿಸುವ ಹಕ್ಕೂ ಸಂದಿತು. ಆಕೆ ತನ್ನದರ ಜೊತೆಗೆ ಸ್ವೆಟರು ತೊಟ್ಟ ಗಂಡನ ಫೋಟೋಗಳನ್ನೂ ಸಾರಾಸಗಟಾಗಿ ಅಳಿಸಿ ಸೇಡು ತೀರಿಸಿಕೊಂಡರು.

ಇಂಥ ಮನುಷ್ಯನನ್ನು ನಂಬಿ ಹಂಸಿನಿ ಒಂದು ಮಾತು ಕೊಟ್ಟಿದ್ದಳು. ಆಕೆ ಎರಡು ಬೇಸಿಗೆ ಹರಿಯಾಣದ ಹಳ್ಳಿಗಳನ್ನು ಸುತ್ತಿ, ಬಾವಿಗಳ ನೀರಿನ ಮಟ್ಟ ಅಳೆದು ತಂದ ವಿವರಗಳು ತಂಡದ ಮುಖ್ಯಸ್ಥ ಅಭಿಷೇಕನ ಹೆಸರಿನಲ್ಲಿ ಪ್ರಬಂಧವಾಗಿ ಅಚ್ಚಾದವು. ಆಕೆಯ ಹೆಸರು ಎಲ್ಲೂ ಇರಲಿಲ್ಲ. ಆಕೆ ದೂರು ಕೊಟ್ಟಳು, ವಿಚಾರಣೆಗೆ ಸಮಿತಿಯೊಂದು ನೇಮಕವಾಯಿತು. ಜೊತೆಗೆ ಅಲೆದಿದ್ದ ಪ್ರಕೃತಿ ಅಂಜುತ್ತಂಜುತ್ತಲೇ ಸಾಕ್ಷಿ ಹೇಳಿಕೆ ಬರೆದುಕೊಟ್ಟಳು. ಪ್ರಕೃತಿಯದು ಗುತ್ತಿಗೆ ನೌಕರಿ. ಮುಂದಿನ ವಾರ ಅದನ್ನು ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕಾದವನೇ ಅಭಿಷೇಕ. ಅಲ್ಲಿಯವರೆಗೆ ಅವಳ ಹೆಸರು ಅವನಿಗೆ ತಿಳಿಯಕೂಡದು. ‘ಸಮಿತಿಯವರನ್ನು ಬಿಟ್ಟು ಯಾರೂ ಓದುವುದಿಲ್ಲ’ ಎಂದು ಹಂಸಿನಿ ಆಣೆಯಿಟ್ಟು ಹೇಳಿದ್ದಳು. ಹೇಳಿದ ಮೇಲೆ ತಾನೇ ಹೆದರಿ ಅನಂತರಾಮರ ಬಳಿಗೆ ಓಡಿದ್ದಳು.

‘ಅಂಕಲ್, ಪಕ್ಕಾ? ಔರ್ ಕೋಯಿ ನಹೀಂ ದೇಖೇಗಾ ನಾ?’

‘ಸಮಿತಿಯವರಿಗೆ ಮಾತ್ರ. ಬೇರೆಯವರು ನೋಡಿದ್ರೆ ನನ್ನ ಕೇಳಮ್ಮ.’

ಹೇಳಿಕೆಗಳು ಸಮಿತಿಯ ಫೋಲ್ಡರಿಗೆ ಸೇರಿದ ದಿನ ಬೆಳಗ್ಗೆ ನಿರ್ದೇಶಕರ ಕಚೇರಿಯಿಂದ ಅನಂತರಾಮರಿಗೆ ಫೋನು ಬಂತು. ಸಮಿತಿಗೆ ಹೊಸ ಸದಸ್ಯರೊಬ್ಬರು ಸೇರಿದ್ದಾರೆ, ಅವರಿಗೂ ಅನುಮತಿ ಕೊಡಿ, ‘ಕಿರಣ್ ಜೀ ಕೋ ಭೀ ದೇ ದೀಜಿಯೇ.’ ಹಿಂದಿಯ ಆ ವಾಕ್ಯದಲ್ಲಿ ಕಿರಣ್ ಹೆಣ್ಣೋ ಗಂಡೋ ತಿಳಿಯುವುದಿಲ್ಲ. ‘ಜೀ’ ಎಂಬುದಂತೂ ದಿಲ್ಲಿಯಲ್ಲಿ ಎಲ್ಲರ ಬೆನ್ನಿಗೂ ಅಂಟುತ್ತದೆ. ದಶಕಗಳಿಂದ ದಿಲ್ಲಿಯ ನೀರು ಕುಡಿದರೂ ಅನಂತರಾಮರ ಕಿವಿ ಕನ್ನಡದ್ದೇ, ಆ ಕಿವಿಗೆ ಕಿರಣ್ ಎಂದರೆ ಹುಡುಗ. ಸಂಸ್ಥೆಯಲ್ಲಿದ್ದ ಒಬ್ಬನೇ ಕಿರಣ್ ದಾವಣಗೆರೆಯವನು. ನಮ್ಮ ಕಡೆಯ ಹುಡುಗ ಇಷ್ಟು ಬೇಗ ಸಮಿತಿಯವರೆಗೆ ಏರಿದನಲ್ಲ ಎಂಬ ಹಿಗ್ಗಿನಲ್ಲಿ, ನಿರ್ದೇಶಕರನ್ನೂ ಬಿಡದ ‘ಯಾವ ಕೆಲಸಕ್ಕೆ?’ ಎಂಬ ಪ್ರಶ್ನೆ ಗಂಟಲಲ್ಲೇ ಉಳಿಯಿತು. ಫೋಲ್ಡರು ತೆರೆಯುವ ಅನುಮತಿ ಆ ಹುಡುಗನಿಗೆ ಸಂದಿತು. ಆ ಕಿರಣ್ ಕೂರುತ್ತಿದ್ದದ್ದು ಅಭಿಷೇಕನ ತಂಡದಲ್ಲಿ, ಅಭಿಷೇಕನ ಪಕ್ಕದ ಮೇಜಿನಲ್ಲಿ.

ಊಟದ ಹೊತ್ತಿಗೆ ಅವರು ವಾಡಿಕೆಯಂತೆ ಪರೀಕ್ಷೆಗೆ ಹೊರಟರು. ಅಭಿಷೇಕ ಯಾವುದೋ ಸಭೆಗೆ ಹೋಗಿದ್ದ.

‘ಏನಪ್ಪಾ ಕಿರಣ್, ಸಮಿತಿ ಫೋಲ್ಡರ್ ತೆರೀತಾ?’

‘ಯಾವ ಸಮಿತಿ ಸಾರ್? ನಾನ್ಯಾವ ಸಮಿತೀಲೂ ಇಲ್ವಲ್ಲ.’

‘ಅಚ್ಛಾ,’ ಎಂದರು ಅನಂತರಾಮರು. ಮುಂದಿನದನ್ನು ಹಂಸಿನಿ ತನ್ನ ಮೇಜಿನಿಂದಲೇ ಕಂಡಳು: ಗೋಡೆಯಂಚಿನ ಮನುಷ್ಯ ಕಾರಿಡಾರಿನ ನಟ್ಟನಡುವೆ, ಎದುರು ಬಂದವರಿಗೆ ಡಿಕ್ಕಿ ಹೊಡೆಯುತ್ತ, ಬಹುತೇಕ ಓಡುತ್ತ ಸರ್ವರ್ ಕೋಣೆಯತ್ತ ಹೋಗುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವರು ಬಂದು, ಹಂಸಿನಿಯನ್ನೂ ಪ್ರಕೃತಿಯನ್ನೂ ಹೊರಗೆ ಬೇವಿನ ಮರದಡಿಗೆ ಕರೆದು, ನಡೆದದ್ದನ್ನು ಕನ್ನಡದಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಹೇಳಿದರು. ಫೋನಿನಲ್ಲಿ ಹೇಳಿದ ಕಿರಣ್ ಎಂದರೆ ಕಿರಣ್ ಅಹೂಜಾ, ಹೊರಗಿನಿಂದ ಬರುತ್ತಿರುವ ನಿವೃತ್ತ ಪ್ರಾಧ್ಯಾಪಕಿ. ‘ತಪ್ಪು ನಂದೇ ಕಣಮ್ಮ.’

‘ಉಸನೇ ದೇಖಾ?’ ಅವನು ನೋಡಿಬಿಟ್ಟನೇ ಎಂದು ಹಂಸಿನಿ ಕೇಳಿದಳು.

‘ಇಲ್ಲ. ಯಾರು ಯಾವುದನ್ನ ಯಾವಾಗ ತೆರೆದರು ಅಂತ ಸರ್ವರ್ ದಾಖಲೆ ಇಡುತ್ತೆ. ಆ ಹುಡುಗ ತೆರೆದಿಲ್ಲ. ಈಗ ತೆರೆಯೋಕ್ಕೂ ಆಗಲ್ಲ. ಬನ್ನಿ, ಕಣ್ಣಾರೆ ನೋಡಿ.’

ಇಬ್ಬರೂ ಹೋಗಿ ನೋಡಿದರು. ಪ್ರಕೃತಿ ಮೊದಲು ಸಿಡುಕಿದಳು, ಆಮೇಲೆ ಅತ್ತಳು, ಆಮೇಲೆ ಕಿರಣ್ ಜೀ ನೆನಪಾಗಿ ಬಿದ್ದು ಬಿದ್ದು ನಕ್ಕಳು. ನಾಲ್ಕಾರು ದಿನಗಳಿಂದ ತುತ್ತು ಇಳಿಯದಿದ್ದ ಹಂಸಿನಿ ಗೇಟಿನ ಹೊರಗಿನ ತಿಂಡಿಗಾಡಿಯ ಭಯ್ಯಾನ ಬಳಿ ಎರಡು ತಟ್ಟೆ ಛೋಲೆ ಕುಲ್ಚೆ ತಿಂದಳು. ಎದೆಯ ಮೇಲಿನ ಭಾರ ಇಳಿದಾಗ ಇಷ್ಟೊಂದು ಹಸಿವಾಗುತ್ತದೆಂದು ಆಕೆಗೆ ಗೊತ್ತಿರಲಿಲ್ಲ.

‘ಈಗಲೂ ಹೇಳಿಕೆ ವಾಪಸು ತಗೋಬಹುದು,’ ಎಂದು ಹಂಸಿನಿ ಕಷ್ಟಪಟ್ಟು ಹೇಳಿದಳು. ಪ್ರಕೃತಿ ತಲೆಯಾಡಿಸಿದಳು. ಬೇಡವಂತೆ, ಈ ಮನುಷ್ಯ ತಾನಾಗಿ ಬಾಯಿಬಿಡದಿದ್ದರೆ ತನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ, ಇನ್ನು ತನಗೆ ಅಂಜಿಕೆಯಿಲ್ಲ, ಕರೆದರೆ ಸಮಿತಿಯ ಮುಂದೆ ಬಂದೇ ಹೇಳುತ್ತೇನೆ ಎಂದಳು.

ಕಾವಲಿನ ಕೆಲಸದವರಲ್ಲಿ ಎಂದೂ ಎಡವದವರನ್ನು ನಾವು ಹೊಗಳುತ್ತೇವೆ, ಬಹುಮಾನ ಕೊಡುತ್ತೇವೆ. ಆದರೆ ಯಾರಿಗೂ ತಿಳಿಯದಂತೆ ಬಾಗಿಲು ಮುಚ್ಚಿ ಸುಮ್ಮನಿರಬಹುದಾಗಿದ್ದ ಹೊತ್ತಿನಲ್ಲಿ, ಅದು ಬೆಳಗ್ಗೆಯೆಲ್ಲ ತೆರೆದಿತ್ತು ಎಂದು ಎದುರಿಗೆ ಬಂದು ಹೇಳುವ ಅನಂತರಾಮರಂಥವರು ಸಿಕ್ಕರೆ, ಉಳಿದ ಗುಟ್ಟುಗಳನ್ನೂ ತಂದು ಅವರ ಕೈಗೇ ಒಪ್ಪಿಸುತ್ತೇವೆ.